ಹಿಂಬಾಗಿಲು

ಮುಂದಿನ ಕೊಠಡಿಗೆ ಬೋರ್ಡು ಬಂದಿದೆ: ಆಪ್ತಸಮಾಲೋಚನೆ.
ಮಂಗಳವಾರ, ಶುಕ್ರವಾರ, ಸಂಜೆ ಐದರಿಂದ ಏಳು.
ಎರಡು ಕುರ್ಚಿ, ಒಂದು ಗಡಿಯಾರ,
ಅಯ್ಯನವರು ತರಬೇತಿಗೆ ಹೋಗಿ ತಂದ ಸರ್ಟಿಫಿಕೇಟು,
ಕಣ್ಣೊರೆಸಲು ಕಾಗದದ ಡಬ್ಬಿ.
ಡಬ್ಬಿ ಇನ್ನೂ ಮುಗಿದಿಲ್ಲ.

ಜನ ಬರುವುದು ಹಿಂಬಾಗಿಲಿಗೆ.
ನುಗ್ಗೆಮರದ ಕೆಳಗೆ, ಬಟ್ಟೆಕಲ್ಲಿನ ಹತ್ತಿರ ಚಪ್ಪಲಿ ಬಿಟ್ಟು
"ಅಮ್ನೋರೆ, ಈ ಕಡೆ ಬಂದಿದ್ದೆ, ಅಂಗೇ..." ಅನ್ನುತ್ತಾರೆ.
ಅಂಗೇ ಯಾರೂ ಬರುವುದಿಲ್ಲ.
ಇಪ್ಪತ್ತು ವರ್ಷದಲ್ಲಿ ನಾನು ಕಲಿತ ಪಾಠ ಇದೊಂದೇ.

ಡಿಸೆಂಬರು. ಮಂಡ್ಯದ ಗಾಳಿಯಲ್ಲಿ ಕಾಕಂಬಿಯ ವಾಸನೆ.
ಬೇಸಿನ್ನಿನಲ್ಲಿ ನೆನೆದ ಅವರೆಕಾಳು.
ಬಂದವರ ಮುಂದೆ ಅದನ್ನು ಸರಿಸುತ್ತೇನೆ,
ಹಿತುಕಿ ಎಂದು ಬಾಯಿಬಿಟ್ಟು ಹೇಳುವುದಿಲ್ಲ.
ಕೈ ತಾನಾಗಿ ನೀರಿಗಿಳಿಯುತ್ತದೆ.
ಕಣ್ಣು ಕೆಳಗಿದ್ದರೆ ಬಾಯಿಗೆ ಧೈರ್ಯ.

ಮೊನ್ನೆ ತಿಮೋತಿ. ಹತ್ತೊಂಬತ್ತು ವರ್ಷ.
ಕ್ಯಾರಲ್ ಗುಂಪಿನಲ್ಲಿ ಡ್ರಮ್ಮು ಬಡಿಯುವವನು, ಲೆಕ್ಕ ಇಡುವವನೂ ಅವನೇ.
ಮೊಬೈಲಿನಲ್ಲಿ ರಮ್ಮಿ. ಮೊದಲ ರಾತ್ರಿ ಗೆದ್ದದ್ದು ನಾನೂರು.
ಕ್ಯಾರಲ್ ದುಡ್ಡು ಹದಿನೆಂಟು ಸಾವಿರ ಹೋದ ಮೇಲೆ
ಸಾಲದ ಆ್ಯಪು.
ಕಟ್ಟದಿದ್ದಾಗ ಅವನ ಮುಖವನ್ನು ಯಾರದೋ ಬೆತ್ತಲೆ ಮೈಗೆ ಅಂಟಿಸಿ
ಫೋನಿನಲ್ಲಿದ್ದ ಎಲ್ಲ ನಂಬರಿಗೂ ಕಳಿಸಿದರಂತೆ,
ಭಾನುವಾರದ ಶಾಲೆಯ ಟೀಚರಿಗೂ.
"ರೈಲು ಎಷ್ಟೊತ್ಗೆ ಅಂತ ನೋಡ್ಕಂಡಿದ್ದೆ ಅಮ್ನೋರೆ."

ನನ್ನ ಬೆರಳ ನಡುವಿನ ಕಾಳು ಚಿಮ್ಮಿ ಒಲೆಕಟ್ಟೆಯ ಸಂದಿಗೆ ಹೋಯಿತು.
ಪ್ರಾರ್ಥನೆ ಮಾಡೋಣ ಅನ್ನಬೇಕಿತ್ತು.
"ಊಟ ಮಾಡಿದ್ಯೇನ್ಲಾ?" ಅಂದೆ.
ಮುದ್ದೆ ಕಟ್ಟುವಷ್ಟು ಹೊತ್ತು
ಫೋನನ್ನು ಇಸಕೊಂಡು ಅಕ್ಕಿ ಡಬ್ಬದೊಳಗೆ ಹೂತೆ.
ಒಳಗೇ ಗುಂಯ್ಗುಟ್ಟುತ್ತಿತ್ತು, ಸಿಕ್ಕಿಬಿದ್ದ ದುಂಬಿಯ ಹಾಗೆ.
ಉಂಡ ಮೇಲೆ ಅದನ್ನು ಒರೆಸಿ ಕೊಟ್ಟೆ.
ಅಯ್ಯನವರ ಬೈಕಿನ ಹಿಂದೆ ಕೂತು ಪೊಲೀಸರ ಹತ್ತಿರ ಹೋದ.
ಆ ರಾತ್ರಿ ನಮ್ಮ ನಡುಮನೆಯಲ್ಲೇ ಮಲಗಿದ.
ಮೂರು ಸಲ ಎದ್ದು ಉಸಿರು ನೋಡಿದೆ.

ರತ್ನಮಣಿಯದು ಬೇರೆ.
ಎರಡು ಹೆಣ್ಣು. ಮೂರನೆಯದನ್ನು
ಯಾವುದೋ ತೋಟದ ಮನೆಯಲ್ಲಿ ಮಿಷನ್ನು ಇಟ್ಟು ನೋಡಿದರಂತೆ.
ಗಂಡಾದರೆ ಲಾಡು ಅನ್ನಬೇಕಿತ್ತು.
ಅವನು ಬರ್ಫಿ ಅಂದ.
"ಇದ್ದಿದ್ರೆ ಈ ವರ್ಷ ಅಂಗನವಾಡಿಗೆ ಓಯ್ತಿತ್ತು," ಅಂದಳು.
ಆಮೇಲೆ, ನನ್ನನ್ನು ನೋಡದೆ,
"ನಂಗೆ ಕ್ಷಮೆ ಐತಾ?"

ಮುಂದಿನ ಕೊಠಡಿಯಲ್ಲಿ ಇದಕ್ಕೆ ಉತ್ತರವಿದೆ, ಅಧ್ಯಾಯ ವಚನ ಸಮೇತ.
ನಾನೂ ಅದನ್ನು ನಂಬುತ್ತೇನೆ, ಐತೆ ಕಣವ್ವ ಅಂದೆ ಕೂಡ.
ಅವಳ ಭುಜ ಇಳಿಯಲಿಲ್ಲ.
"ಏನಂತ ಕರೀತಿದ್ದೆ?" ಅಂತ ಕೇಳಿದೆ, ಯಾಕೋ.
ಬಹಳ ಹೊತ್ತು ಹಿತುಕಿದಳು.
ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ.
ಹೇಳಿದಳು.
ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ.
ಎರಡನೆಯ ಸಲ ಹೇಳಿದಾಗ ಅಳು ಬಂತು, ಇಬ್ಬರಿಗೂ,
ಕೈ ಒದ್ದೆಯಿದ್ದದ್ದರಿಂದ ಒರೆಸಿಕೊಳ್ಳಲಾಗಲಿಲ್ಲ.
ಮೊದಲ ಎರಡನ್ನು ಕರಕೊಂಡು ಬಾ ಭಾನುವಾರ, ಅಂದೆ.
ಬಂದಿಲ್ಲ. ಕಾಯುತ್ತಿದ್ದೇನೆ.

ನಿನ್ನೆ ಹನ್ನೊಂದರ ಮೇಲೆ ಹಿಂಬಾಗಿಲ ಚಿಲಕ ಸದ್ದಾಯಿತು.
ಅಯ್ಯನವರು.
ಮುಂಬಾಗಿಲ ಬೀಗದ ಕೈ ಅವರ ಜೇಬಿನಲ್ಲೇ ಇರುತ್ತದೆ.
ಸ್ತೆಫಾನನ ಮಣ್ಣು ಮುಗಿಸಿ ಬಂದಿದ್ದರು.
ಹೋದ ಶುಕ್ರವಾರ ಆ ಕುರ್ಚಿಯಲ್ಲಿ ಕೂತು
"ಈಗ ಎಲ್ಲ ಸರಿ ಓಯ್ತು ಅಯ್ನೋರೆ" ಅಂದು
ಗಡಿಯಾರ ನೋಡಿ ಎದ್ದು ಹೋದ ಸ್ತೆಫಾನ.

ಚಪ್ಪಲಿಯನ್ನು ಬಟ್ಟೆಕಲ್ಲಿನ ಹತ್ತಿರ ಬಿಟ್ಟರು.
ಮಣೆ ಎಳೆದುಕೊಂಡು ಕೂತರು, ನಿಲುವಂಗಿ ನೆಲಕ್ಕೆ ತಾಗುವಂತೆ.
ಅವರೆ ಸಂಜೆಗೇ ಮುಗಿದಿತ್ತು.
ಬರಿ ನೀರಿನ ಬೇಸಿನ್ನನ್ನೇ ಮುಂದೆ ಸರಿಸಿದೆ.
ಕೈ ಇಳಿಬಿಟ್ಟರು.